ಪಹಣಿ ಒಂದೇ ಹಾಳೆ, ಹಾಗಾದರೆ ಟೇಬಲ್ ಐದೇಕೆ?

ಪ್ರಶ್ನೆ: ನಾನು ಮೈಲಾರದವನು. ಹೂವಿನಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲ್ಲೂಕುಗಳ ರೈತರು ಸೇರಿರುವ ಒಂದು ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಜಮೀನು, ಬೆಳೆ ಎಲ್ಲವೂ ಒಂದೇ ಎಕ್ಸೆಲ್ ಶೀಟಿನಲ್ಲಿವೆ. ಬಿ.ಸಿ.ಎ. ಓದುತ್ತಿರುವ ನನ್ನ ಅಕ್ಕನ ಮಗಳು ಅದನ್ನು ನೋಡಿ, "ಮಾಮ, ಇದನ್ನ ಐದು ಟೇಬಲ್ ಮಾಡಬೇಕು" ಎನ್ನುತ್ತಾಳೆ. ಸರ್ಕಾರದ ಪಹಣಿಯಲ್ಲೇ ಎಲ್ಲವೂ ಒಂದೇ ಹಾಳೆಯಲ್ಲಿ ಬರುತ್ತದಲ್ಲ? ಒಟ್ಟಿಗೆ ಇರುವುದನ್ನು ಒಡೆದರೆ ಹುಡುಕುವುದು ಕಷ್ಟವಾಗುವುದಿಲ್ಲವೇ? ಈ ರಿಲೇಷನಲ್ ಡೇಟಾಬೇಸ್ ಎಂದರೆ ಏನು, ಅದನ್ನು ಹೇಗೆ ಕಟ್ಟುತ್ತಾರೆ, ತಿಳಿಸುವಿರಾ?

ಉತ್ತರ: ಲೆಕ್ಕದ ಪುಸ್ತಕ ಬರೆದು ರೂಢಿಯಿರುವ ಯಾರಿಗೇ ಆಗಲಿ, ಎಲ್ಲವೂ ಕಣ್ಣೆದುರು ಒಂದೇ ಕಡೆ ಇದ್ದರೆ ಚೆಂದ ಅನ್ನಿಸುವುದು ಸಹಜ. ನಿಮ್ಮ ಸಂದೇಹದಲ್ಲಿ ಎರಡು ಮಾತುಗಳು ಸೇರಿಕೊಂಡಿವೆ. ಚೆನ್ನಾಗಿಯೇ ಇರುವ ಶೀಟನ್ನು ಒಡೆಯುವುದು ಏಕೆ ಎಂಬುದು ಒಂದು. ಒಡೆದ ಮೇಲೆ ಒಟ್ಟಿಗೆ ನೋಡುವುದು ಹೇಗೆ ಎಂಬುದು ಇನ್ನೊಂದು. ಪಹಣಿಯ ಮಾತನ್ನು ನೀವೇ ಎತ್ತಿರುವುದರಿಂದ ಅದನ್ನೇ ಹಿಡಿದು ಹೋಗೋಣ.

ನಿಮ್ಮ ಕೈಲಿರುವ ಪಹಣಿಯನ್ನು, ಅಂದರೆ ನಮೂನೆ 16ನ್ನು, ಒಮ್ಮೆ ಎದುರಿಗೆ ಇಟ್ಟುಕೊಳ್ಳಿ. ಮೇಲ್ಗಡೆ ತಾಲ್ಲೂಕು, ಹೋಬಳಿ, ಗ್ರಾಮ. ಕೆಳಗೆ ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ಖರಾಬು, ಮಣ್ಣಿನ ನಮೂನೆ. ಆಮೇಲೆ ಸ್ವಾಧೀನದಾರರ ಹೆಸರು, ತಂದೆಯ ಹೆಸರು, ಖಾತಾ ನಂಬರ್, ಜಮೀನು ಬಂದ ಬಗೆ. ಮುಂದೆ ಋಣಗಳು. ಕೊನೆಗೆ ಯಾವ ವರ್ಷ, ಯಾವ ಹಂಗಾಮಿನಲ್ಲಿ ಯಾವ ಬೆಳೆ. ಮೊದಲು ಇದನ್ನೆಲ್ಲ ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರು ಕೈಬರಹದಲ್ಲಿ ಇಟ್ಟಿದ್ದರು. 2000ದ ಆಸುಪಾಸಿನ ವರ್ಷಗಳಲ್ಲಿ 'ಭೂಮಿ' ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅಂದಿನಿಂದ ಕಿಟಕಿಯಲ್ಲಿ ಸರ್ವೆ ನಂಬರ್ ಹೇಳಿದರೆ ಹಾಳೆ ಮುದ್ರಣವಾಗಿ ಕೈಗೆ ಬರುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಿಮ್ಮ ಕೈಗೆ ಬಂದ ಹಾಳೆ ನೀವು ಕೇಳಿದ ಪ್ರಶ್ನೆಗೆ ಕಂಪ್ಯೂಟರು ಕೊಟ್ಟ ಉತ್ತರ. ಮಾಹಿತಿಯನ್ನು ಒಳಗೆ ಶೇಖರಿಸಿಡುವ ರೂಪ ಬೇರೆ, ಹೊರಗೆ ತೋರಿಸುವ ರೂಪ ಬೇರೆ. ಕಾಗದದ ಕಾಲದಲ್ಲಿ ಇವೆರಡೂ ಒಂದೇ ಆಗಿದ್ದವು, ಏಕೆಂದರೆ ಬರೆದದ್ದನ್ನೇ ತೋರಿಸಬೇಕಿತ್ತು. ರಿಲೇಷನಲ್ ಡೇಟಾಬೇಸಿನಲ್ಲಿ ಹಾಗೆ ಮಾಡುವ ಅಗತ್ಯ ಇಲ್ಲ. ಆದ್ದರಿಂದ ಪಹಣಿ ಒಂದೇ ಹಾಳೆ ಎಂಬುದು, ಒಳಗೂ ಒಂದೇ ಟೇಬಲ್ ಇರಬೇಕು ಎಂಬುದಕ್ಕೆ ಆಧಾರವಾಗುವುದಿಲ್ಲ.

ಈಗ ನಿಮ್ಮ ಶೀಟಿಗೆ ಬರೋಣ. ಅದರ ಒಂದು ಸಾಲು ಹೀಗಿರಬಹುದು: ಕೊಟ್ರೇಶ, ತಂದೆ ಬಸಪ್ಪ, ಬಾಗಳಿ, ಹರಪನಹಳ್ಳಿ ತಾಲ್ಲೂಕು, ದಾವಣಗೆರೆ ಜಿಲ್ಲೆ, ಸರ್ವೆ ನಂಬರ್ 45/2, 2 ಎಕರೆ 10 ಗುಂಟೆ, ಮೆಕ್ಕೆಜೋಳ. (ಹೆಸರು, ಸಂಖ್ಯೆ ಉದಾಹರಣೆಗೆ ಮಾತ್ರ.) ಹರಪನಹಳ್ಳಿ ತಾಲ್ಲೂಕಿನ 300 ಸದಸ್ಯರು ನಿಮ್ಮಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ ಎಂಬ ಒಂದೇ ಸಂಗತಿಯನ್ನು ನೀವು 300 ಸಲ ಬರೆದಿದ್ದೀರಿ. ಜಿಲ್ಲೆ ಬದಲಾಗದಿದ್ದರೆ ಇದರಿಂದ ತೊಂದರೆಯಿಲ್ಲ. ಆದರೆ ನಿಮ್ಮ ಭಾಗದಲ್ಲಿ ಅದು ಬದಲಾಗಿದೆ, ಅದೂ ಮತ್ತೆ ಮತ್ತೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. ಆಮೇಲೆ ತಾಲ್ಲೂಕಿನ ಜನರ ಒತ್ತಾಯದಂತೆ ಮರಳಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದರೊಳಗೆ ಸೇರಿತು. ಹೊಲ ಇದ್ದಲ್ಲೇ ಇದೆ, ರೈತ ಇದ್ದಲ್ಲೇ ಇದ್ದಾನೆ, ಜಿಲ್ಲೆಯ ಹೆಸರು ಮಾತ್ರ ಮೂರು ಸಲ ಬದಲಾಯಿತು.

ಒಂದೇ ಸಲಕ್ಕೆ ಹುಡುಕಿ ಬದಲಿಸಿದರೆ ಆಯಿತಲ್ಲ ಎಂದು ನೀವು ಹೇಳಬಹುದು. ದಾವಣಗೆರೆ ಎಂದಿರುವಲ್ಲೆಲ್ಲ ವಿಜಯನಗರ ಎಂದು ಬದಲಿಸಿ ನೋಡಿ. ನಿಮ್ಮ ಸಂಘದಲ್ಲಿ ಪಕ್ಕದ ಜಗಳೂರಿನ ಹತ್ತು ಮಂದಿ ಇದ್ದರೆ ಅವರೂ ವಿಜಯನಗರದವರಾಗಿಬಿಡುತ್ತಾರೆ. ಜಗಳೂರು ಇಂದಿಗೂ ದಾವಣಗೆರೆ ಜಿಲ್ಲೆಯಲ್ಲೇ ಇದೆ. ಬಳ್ಳಾರಿ ಎಂದಿರುವುದನ್ನು ಬದಲಿಸಿದರೆ ಸಂಡೂರು, ಸಿರುಗುಪ್ಪದವರಿಗೂ ಅದೇ ಗತಿ. ಅದೂ ಅಲ್ಲದೆ ಶೀಟು ತುಂಬಿದವರು ಒಬ್ಬರೇ ಅಲ್ಲ. ಒಬ್ಬರು ಹಗರಿಬೊಮ್ಮನಹಳ್ಳಿ ಎಂದು ಪೂರ್ತಿ ಬರೆದಿರುತ್ತಾರೆ, ಇನ್ನೊಬ್ಬರು ಎಚ್.ಬಿ. ಹಳ್ಳಿ, ಮತ್ತೊಬ್ಬರು ಹ.ಬೊ.ಹಳ್ಳಿ. ಹಡಗಲಿ, ಹೂವಿನಹಡಗಲಿ, ಹೂವಿನ ಹಡಗಲಿ ಮೂರೂ ನಮಗೆ ಒಂದೇ ಊರು. ಕಂಪ್ಯೂಟರಿಗೆ ಮೂರು ಬೇರೆ ಬೇರೆ ಊರು. ತಾಲ್ಲೂಕುವಾರು ಸದಸ್ಯರ ಸಂಖ್ಯೆ ತೆಗೆದಾಗ ಮೊತ್ತ ತಾಳೆಯಾಗುವುದಿಲ್ಲ.

ಇದು ಬರೀ ಅಚ್ಚುಕಟ್ಟುತನದ ಮಾತೂ ಅಲ್ಲ. ಸಂವಿಧಾನದ ಕಲಂ 371(ಜೆ) ಅಡಿ ಕಲ್ಯಾಣ ಕರ್ನಾಟಕಕ್ಕೆ ಸಿಗುವ ಶಿಕ್ಷಣ, ಉದ್ಯೋಗದ ಮೀಸಲಾತಿಯಿಂದ ಹರಪನಹಳ್ಳಿ ಹೊರಗುಳಿದಿದ್ದು ಅದು ದಾವಣಗೆರೆ ಜಿಲ್ಲೆಯಲ್ಲಿದ್ದ ಕಾರಣಕ್ಕೇ. ಯಾವುದೋ ದಾಖಲೆಯ ಯಾವುದೋ ಸಾಲಿನಲ್ಲಿ ಹಳೆಯ ಜಿಲ್ಲೆ ಉಳಿದುಹೋದರೆ ಒಬ್ಬ ಹುಡುಗಿಯ ಕಾಲೇಜು ಸೀಟಿಗೇ ತೊಡಕಾದೀತು. ಒಂದು ಸಂಗತಿಯನ್ನು ಹಲವು ಕಡೆ ಬರೆದು, ಬದಲಿಸುವಾಗ ಕೆಲವು ಕಡೆ ಬಿಟ್ಟುಹೋಗುವ ಈ ದೋಷಕ್ಕೆ ಡೇಟಾಬೇಸಿನವರು ಅಪ್‌ಡೇಟ್ ಅನಾಮಲಿ ಎನ್ನುತ್ತಾರೆ.

ಇದಕ್ಕೆ ಇಬ್ಬರು ಒಡಹುಟ್ಟಿದವರಿದ್ದಾರೆ. ಒಬ್ಬ ಸದಸ್ಯ ತನಗಿದ್ದ ಒಂದೇ ಜಮೀನನ್ನು ಮಾರಿದ ಎನ್ನಿ. ನೀವು ಆ ಸಾಲನ್ನು ಅಳಿಸಿದಿರಿ. ಜಮೀನಿನ ಜೊತೆಗೆ ಆತನ ಹೆಸರು, ಫೋನ್ ನಂಬರ್, ಷೇರು ಹಣದ ವಿವರವೂ ಹೋಯಿತು. ಜಮೀನು ಹೋದದ್ದು ನಿಜ, ಆದರೆ ಸದಸ್ಯ ಇನ್ನೂ ಸದಸ್ಯನೇ. ಇದಕ್ಕೆ ತಿರುವುಮುರುವು ಇನ್ನೊಂದು. ಸ್ವಂತ ಜಮೀನಿಲ್ಲದೆ ಕೋರು ಮಾಡುವ ಒಬ್ಬರು ಸದಸ್ಯರಾಗಲು ಬಂದರೆ ಸರ್ವೆ ನಂಬರಿನ ಕಾಲಂನಲ್ಲಿ ಏನು ಬರೆಯುವುದು? ಸಾಲು ಜಮೀನಿಗಾಗಿ ಇದೆಯೋ ಮನುಷ್ಯನಿಗಾಗಿ ಇದೆಯೋ ಎಂಬುದು ಶೀಟಿಗೇ ಗೊತ್ತಿಲ್ಲದ್ದರಿಂದ ಈ ಎರಡೂ ಗೊಂದಲ ಹುಟ್ಟುತ್ತವೆ.

ಇಂಥ ತೊಡಕುಗಳಿಗೆ ಲೆಕ್ಕಬದ್ಧ ಉತ್ತರ ಕೊಟ್ಟವರು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಎಡ್ಗರ್ ಕಾಡ್. ಗಣಿತದ ಹಿನ್ನೆಲೆಯ ಅವರು 1970ರಲ್ಲಿ ಪ್ರಕಟಿಸಿದ ಒಂದು ಲೇಖನದಿಂದ ರಿಲೇಷನಲ್ ಮಾದರಿ ಶುರುವಾಯಿತು. ಅದಕ್ಕೂ ಮುಂಚಿನ ಡೇಟಾಬೇಸುಗಳಲ್ಲಿ ಒಂದು ದಾಖಲೆಯಿಂದ ಇನ್ನೊಂದಕ್ಕೆ ಹೋಗಲು ದಾರಿಯನ್ನು ಒಳಗೇ ಹಾಕಿಡಬೇಕಿತ್ತು. ಪ್ರೋಗ್ರಾಂ ಬರೆಯುವವನಿಗೆ ಆ ದಾರಿ ಗೊತ್ತಿರಬೇಕಿತ್ತು, ದಾರಿ ಬದಲಾದರೆ ಪ್ರೋಗ್ರಾಂ ಕೂಡ ಬದಲಾಗಬೇಕಿತ್ತು. ಕಾಡ್ ಹೇಳಿದ್ದು ಇಷ್ಟು: ಎಲ್ಲವನ್ನೂ ಸರಳ ಟೇಬಲ್‌ಗಳಲ್ಲಿಡಿ, ಒಂದು ಟೇಬಲ್ಲಿಗೂ ಇನ್ನೊಂದಕ್ಕೂ ಸಂಬಂಧ ಬೇಕಾದಾಗ ಎರಡರಲ್ಲೂ ಇರುವ ಒಂದೇ ಬೆಲೆಯನ್ನು ಹೋಲಿಸಿ ಕೂಡಿಸಿಕೊಳ್ಳಿ. 1981ರಲ್ಲಿ ಅವರಿಗೆ ಕಂಪ್ಯೂಟರ್ ವಿಜ್ಞಾನದ ಅತಿದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಇಂದು ಬ್ಯಾಂಕು, ರೈಲ್ವೆ, ಕಂದಾಯ ಇಲಾಖೆಗಳ ಬಹುಪಾಲು ಲೆಕ್ಕ ನಡೆಯುವುದು ಈ ಮಾದರಿಯ ಮೇಲೆಯೇ.

ಹಾಗಾದರೆ ನಿಮ್ಮ ಶೀಟನ್ನು ಬಿಡಿಸುವುದು ಹೇಗೆ? ಮೊದಲು ಪ್ರತಿಯೊಂದು ಕಾಲಂ ಮೇಲೆ ಬೆರಳಿಟ್ಟು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಯಾವುದರ ಬಗ್ಗೆ ಹೇಳುವ ಮಾತು? ತಂದೆಯ ಹೆಸರು, ಫೋನ್ ನಂಬರ್ ಸದಸ್ಯನ ಬಗ್ಗೆ ಹೇಳುತ್ತವೆ. ವಿಸ್ತೀರ್ಣ, ಮಣ್ಣಿನ ನಮೂನೆ ಜಮೀನಿನ ಬಗ್ಗೆ. ಬಾಗಳಿ ಯಾವ ತಾಲ್ಲೂಕಿನಲ್ಲಿದೆ ಎಂಬುದು ಊರಿನ ಬಗ್ಗೆ. ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ ಎಂಬುದು ತಾಲ್ಲೂಕಿನ ಬಗ್ಗೆ. ಕೊಟ್ರೇಶನ ಬಗ್ಗೆಯೂ ಅಲ್ಲ, ಅವನ ಹೊಲದ ಬಗ್ಗೆಯೂ ಅಲ್ಲ. ಹೀಗೆ ಮಾತುಗಳನ್ನು ಅವುಗಳ ವಾರಸುದಾರರ ಹತ್ತಿರ ಕಳಿಸಿದರೆ ನಾಲ್ಕು ಟೇಬಲ್ ತಾವಾಗಿಯೇ ಮೂಡುತ್ತವೆ: ಸದಸ್ಯ, ಜಮೀನು, ಊರು, ತಾಲ್ಲೂಕು. ಐದನೆಯದು ಆಮೇಲೆ ಬರುತ್ತದೆ.

ಎರಡನೆಯದಾಗಿ, ಪ್ರತಿ ಟೇಬಲ್ಲಿನ ಪ್ರತಿ ಸಾಲನ್ನೂ ತಪ್ಪದೆ ಗುರುತಿಸುವ ಒಂದು ಕುರುಹು ಬೇಕು. ಇದಕ್ಕೆ ಪ್ರೈಮರಿ ಕೀ ಎನ್ನುತ್ತಾರೆ. ವಿನ್ಯಾಸದಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಹೆಸರನ್ನೇ ಕೀ ಮಾಡಬಹುದೇ? ನಿಮ್ಮ ಭಾಗದವರಿಗೆ ಇದಕ್ಕೆ ಉತ್ತರ ಬೇರೆಯವರು ಹೇಳಬೇಕಾಗಿಲ್ಲ. ಕೊಟ್ಟೂರು ಬಸವೇಶ್ವರನ ಹೆಸರು ಹೊತ್ತ ಕೊಟ್ರೇಶ, ಕೊಟ್ರಪ್ಪ, ಕೊಟ್ರಬಸಪ್ಪ, ಕೊಟ್ರಗೌಡ ಎಷ್ಟು ಮನೆಗಳಲ್ಲಿಲ್ಲ? ಮೈಲಾರಲಿಂಗನ ಒಕ್ಕಲಿನ ಮನೆಗಳಲ್ಲಿ ಮೈಲಾರಪ್ಪ, ಮೈಲಾರೆಪ್ಪ ಎಂದು ಎರಡು ಬಗೆಯಲ್ಲಿ ಬರೆದಿರುತ್ತಾರೆ. ತಂದೆಯ ಹೆಸರು ಸೇರಿಸಿದರೂ ಬಸಪ್ಪನ ಮಗ ಕೊಟ್ರೇಶ ಎಂಬವರು ಒಂದೇ ಊರಲ್ಲಿ ಇಬ್ಬರು ಸಿಗುತ್ತಾರೆ. ಫೋನ್ ನಂಬರ್ ಆಗಬಹುದೇ ಎಂದರೆ, ಅಪ್ಪ, ಮಗ ಇಬ್ಬರೂ ಒಂದೇ ನಂಬರ್ ಕೊಟ್ಟಿರುತ್ತಾರೆ, ಸಿಮ್ ಬದಲಾದರೆ ನಂಬರೂ ಬದಲಾಗುತ್ತದೆ. ಆಧಾರ್ ಸಂಖ್ಯೆ ಒಬ್ಬರಿಗೆ ಒಂದೇ ನಿಜ. ಆದರೆ ಅಂಥ ಖಾಸಗಿ ಸಂಖ್ಯೆಯನ್ನು ಪ್ರತಿ ಟೇಬಲ್ಲಿನಲ್ಲೂ ಹರಡುವುದು ಸರಿಯಲ್ಲ. ಸಂಘದ ಸದಸ್ಯತ್ವ ಸಂಖ್ಯೆಯೇ ಕೀ ಆಗಲಿ. ಒಮ್ಮೆ ಕೊಟ್ಟ ಸಂಖ್ಯೆಯನ್ನು, ಆ ಸದಸ್ಯ ಬಿಟ್ಟುಹೋದರೂ, ಇನ್ನೊಬ್ಬರಿಗೆ ಕೊಡಬಾರದು. ಕರ್ನಾಟಕದ ಕೃಷಿ ಯೋಜನೆಗಳಿಗೆ ಬಳಸುವ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಕೂಡ ಇದೇ ಕೆಲಸ ಮಾಡುತ್ತದೆ: ಹೆಸರಿನ ಕಾಗುಣಿತ ಹೇಗೇ ಇರಲಿ, ಆ ಸಂಖ್ಯೆಯಿಂದ ರೈತ ಒಬ್ಬನೇ ಎಂದು ತಿಳಿಯುತ್ತದೆ. ಅದನ್ನು ಸದಸ್ಯರ ಟೇಬಲ್ಲಿನಲ್ಲಿ ಒಂದು ಕಾಲಂ ಆಗಿ ಇಟ್ಟುಕೊಳ್ಳಿ.

ಊರಿಗೂ ಹಾಗೆಯೇ. ತುಂಗಭದ್ರೆಯ ಹತ್ತಿರದ ನಿಮ್ಮ ಮೈಲಾರ ನಾಡಿಗೆಲ್ಲ ಗೊತ್ತು, ಭರತ ಹುಣ್ಣಿಮೆಯ ಕಾರಣಿಕಕ್ಕೆ ಇಡೀ ರಾಜ್ಯ ಕಿವಿಗೊಡುತ್ತದೆ. ಆದರೆ ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು ಮೈಲಾರ ಎಂದರೆ ಅವರ ಮೈಲಾರ ಮಲ್ಲಣ್ಣನ ಕ್ಷೇತ್ರವನ್ನು ನೆನೆಯುತ್ತಾರೆ. ಊರ ಹೆಸರು ಕೀ ಆಗಲು ಬಾರದು. ಇದಕ್ಕೆ ನೀವು ಹೊಸದಾಗಿ ಸಂಖ್ಯೆ ಹುಟ್ಟಿಸಬೇಕಾಗಿಯೂ ಇಲ್ಲ. 2011ರ ಜನಗಣತಿಯಲ್ಲಿ ದೇಶದ ಪ್ರತಿ ಹಳ್ಳಿಗೂ 6 ಅಂಕಿಯ ಸಂಖ್ಯೆ ಕೊಟ್ಟಿದ್ದಾರೆ, ಅದನ್ನೇ ಬಳಸಬಹುದು.

ಜಮೀನಿನ ಕೀ ಇನ್ನೂ ಸ್ವಾರಸ್ಯದ್ದು. ಸರ್ವೆ ನಂಬರ್ 45 ಬಾಗಳಿಯಲ್ಲೂ ಇರುತ್ತದೆ, ಮೈಲಾರದಲ್ಲೂ ಇರುತ್ತದೆ. ಆದ್ದರಿಂದ ಸರ್ವೆ ನಂಬರ್ ಒಂದರಿಂದಲೇ ಜಮೀನು ಗುರುತಾಗದು. ಊರು, ಸರ್ವೆ ನಂಬರ್, ಹಿಸ್ಸಾ ಸೇರಿದರೆ ಮಾತ್ರ ಗುರುತಾಗುತ್ತದೆ. ಹೀಗೆ ಹಲವು ಕಾಲಂ ಸೇರಿ ಆಗುವುದು ಕಾಂಪೊಸಿಟ್ ಕೀ. ಪಹಣಿಯಲ್ಲಿ ಸರ್ವೆ ನಂಬರಿನ ಜಾಗದಲ್ಲಿ 45/*/2 ಎಂದು ನಡುವೆ ನಕ್ಷತ್ರ ಬಂದಿರುವುದನ್ನು ನೋಡಿರುತ್ತೀರಿ. ಸರ್ವೆ ನಂಬರಿಗೂ ಹಿಸ್ಸಾಕ್ಕೂ ನಡುವೆ ಸರ್‌ನಾಕ್ ಎಂಬ ಇನ್ನೊಂದು ಭಾಗವಿದೆ. ಅದು ಇಲ್ಲದ ಜಮೀನುಗಳಲ್ಲಿ ಜಾಗ ಖಾಲಿ ಬಿಡದೆ ನಕ್ಷತ್ರ ಹಾಕುತ್ತಾರೆ. ಪ್ರೈಮರಿ ಕೀಯ ಯಾವ ಭಾಗವೂ ಖಾಲಿ ಇರಬಾರದು ಎಂಬುದು ರಿಲೇಷನಲ್ ಮಾದರಿಯ ಕಟ್ಟುನಿಟ್ಟಾದ ನಿಯಮ, ಈ ನಕ್ಷತ್ರ ಆ ನಿಯಮಕ್ಕೆ ಸರಿಯಾಗಿ ಹೊಂದುತ್ತದೆ. ಖಾಲಿ ಎಂದರೆ ಗೊತ್ತಿಲ್ಲವೋ, ಬರೆಯಲು ಮರೆತದ್ದೋ ತಿಳಿಯದು. ನಕ್ಷತ್ರ ಎಂದರೆ ಇಲ್ಲ ಎಂಬುದೇ ಉತ್ತರ.

ಇಷ್ಟಾದರೂ ಜಮೀನು ಭಾಗವಾಗಿ ಪೋಡಿ ಆದಾಗ ಹಿಸ್ಸಾ ಬದಲಾಗುತ್ತದೆ. ಆದ್ದರಿಂದ ಜಮೀನಿನ ಟೇಬಲ್ಲಿಗೆ ಸಂಘದ್ದೇ ಒಂದು ಜಮೀನು ಸಂಖ್ಯೆ ಕೊಟ್ಟು, ಊರು, ಸರ್ವೆ, ಸರ್‌ನಾಕ್, ಹಿಸ್ಸಾ ನಾಲ್ಕನ್ನೂ ಪಕ್ಕದ ಕಾಲಂಗಳಲ್ಲಿಟ್ಟು, ಆ ನಾಲ್ಕೂ ಸೇರಿ ಎರಡು ಸಲ ಬರಕೂಡದು ಎಂದು ಡೇಟಾಬೇಸಿಗೆ ಹೇಳಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಸಂಬಂಧ. ಒಂದು ತಾಲ್ಲೂಕಿನಲ್ಲಿ ಹಲವು ಊರು, ಒಂದು ಊರಿಗೆ ಒಂದೇ ತಾಲ್ಲೂಕು. ಊರಿನ ಟೇಬಲ್ಲಿನಲ್ಲಿ ತಾಲ್ಲೂಕಿನ ಸಂಖ್ಯೆ ಬರೆದರೆ ಸಾಕು. ಬೇರೆ ಟೇಬಲ್ಲಿನ ಕೀಯನ್ನು ಹೀಗೆ ತಂದು ಬರೆಯುವುದಕ್ಕೆ ಫಾರಿನ್ ಕೀ ಎನ್ನುತ್ತಾರೆ. ಅಲ್ಲಿ ಇಲ್ಲದ ಸಂಖ್ಯೆಯನ್ನು ಇಲ್ಲಿ ಬರೆಯಹೋದರೆ ಡೇಟಾಬೇಸ್ ಒಪ್ಪುವುದಿಲ್ಲ. ಊರುಗಳಿರುವಾಗ ಅವುಗಳ ತಾಲ್ಲೂಕಿನ ಸಾಲನ್ನು ಅಳಿಸಲೂ ಬಿಡುವುದಿಲ್ಲ. ಎಕ್ಸೆಲ್ ಶೀಟು ಯಾರು ಏನು ಬರೆದರೂ ಸುಮ್ಮನೆ ತೆಗೆದುಕೊಳ್ಳುತ್ತದೆ. ಡೇಟಾಬೇಸ್ ಪ್ರಶ್ನಿಸಿ ತೆಗೆದುಕೊಳ್ಳುತ್ತದೆ.

ಸದಸ್ಯನಿಗೂ ಜಮೀನಿಗೂ ಇರುವ ಸಂಬಂಧ ಇಷ್ಟು ಸುಲಭದ್ದಲ್ಲ. ಒಬ್ಬರಿಗೆ ಮೂರು ಕಡೆ ಹೊಲವಿರುತ್ತದೆ. ಇನ್ನೊಂದು ಕಡೆ ಜಂಟಿ ಪಹಣಿಯಲ್ಲಿ ಒಂದೇ ಹೊಲಕ್ಕೆ ನಾಲ್ವರು ಅಣ್ಣತಮ್ಮಂದಿರ ಹೆಸರಿರುತ್ತದೆ. ಸದಸ್ಯನ ಸಾಲಿನಲ್ಲಿ ಜಮೀನು ಬರೆಯಹೋದರೆ ಮೂರು ಜಾಗ ಬೇಕು, ಜಮೀನಿನ ಸಾಲಿನಲ್ಲಿ ಸದಸ್ಯರನ್ನು ಬರೆಯಹೋದರೆ ನಾಲ್ಕು ಜಾಗ ಬೇಕು. ನಾಳೆ ತಂದೆ ತೀರಿಕೊಂಡು ಪೌತಿ ಖಾತೆ ಆದರೆ ಐವರು ಮಕ್ಕಳು ಸೇರುತ್ತಾರೆ. ಎರಡೂ ಕಡೆ ಬರೆಯಲಾಗದ ಈ ಮಾತಿಗೆ ತನ್ನದೇ ಟೇಬಲ್ ಬೇಕು. ಅದನ್ನು ಹಕ್ಕು ಎಂದು ಕರೆಯೋಣ. ಅದರ ಒಂದೊಂದು ಸಾಲಿನಲ್ಲೂ ಸದಸ್ಯ ಸಂಖ್ಯೆ, ಜಮೀನು ಸಂಖ್ಯೆ, ಅವರ ಪಾಲಿಗೆ ಎಷ್ಟು ಎಕರೆ ಎಷ್ಟು ಗುಂಟೆ, ಮ್ಯುಟೇಶನ್ ಸಂಖ್ಯೆ ಇರುತ್ತವೆ. ನಾಲ್ವರು ಅಣ್ಣತಮ್ಮಂದಿರೆಂದರೆ ನಾಲ್ಕು ಸಾಲು. ಪಾಲು ಎಂಬುದು ಮನುಷ್ಯನ ಗುಣವೂ ಅಲ್ಲ, ಹೊಲದ ಗುಣವೂ ಅಲ್ಲ, ಅವರಿಬ್ಬರ ನಡುವಿನ ಸಂಬಂಧದ್ದು. ನಿಮ್ಮ ಅಕ್ಕನ ಮಗಳು ಹೇಳಿದ ಐದನೆಯ ಟೇಬಲ್ ಬಹುಶಃ ಇದೇ. ಸಂಘದ ಮಟ್ಟಿಗೆ ಅತ್ಯಂತ ಬೆಲೆಬಾಳುವ ಟೇಬಲ್ ಕೂಡ ಇದೇ ಎನ್ನುತ್ತೇನೆ.

ಇಲ್ಲಿಗೆ ಬಂದಾಗ ಬಹುತೇಕರಿಗೆ ಒಂದು ಗೊಂದಲ ಹುಟ್ಟುತ್ತದೆ, ನಿಮಗೂ ಹುಟ್ಟಿರಬಹುದು. ಜಿಲ್ಲೆಯ ಹೆಸರು 300 ಸಲ ಬರೆಯುವುದು ತಪ್ಪು ಎಂದಿರಿ, ಈಗ ಊರಿನ ಸಂಖ್ಯೆಯನ್ನು 300 ಸಲ ಬರೆಯುತ್ತಿದ್ದೀರಿ. ಇದೂ ಪುನರಾವರ್ತನೆಯೇ ಅಲ್ಲವೇ? ನೋಡಲು ಹಾಗೆಯೇ ಕಾಣುತ್ತದೆ, ಆದರೆ ಅಲ್ಲ. ಜಮೀನಿನ ಸಾಲಿನಲ್ಲಿರುವ ಊರಿನ ಸಂಖ್ಯೆ ಹೇಳುವುದು 'ಈ ಹೊಲ ಈ ಊರಿನದು' ಎಂಬ ಒಂದೇ ಮಾತನ್ನು. ಆ ಮಾತು ಪ್ರತಿ ಹೊಲಕ್ಕೂ ಬೇರೆ ಬೇರೆ, ಆದ್ದರಿಂದ ಪ್ರತಿ ಸಾಲಿನಲ್ಲೂ ಇರಲೇಬೇಕು. ಆ ಊರು ಯಾವ ತಾಲ್ಲೂಕಿನಲ್ಲಿದೆ, ತಾಲ್ಲೂಕು ಯಾವ ಜಿಲ್ಲೆಯಲ್ಲಿದೆ ಎಂಬ ಮಾತನ್ನು ಅದು ಹೊತ್ತುಕೊಂಡಿಲ್ಲ. ಕೊಟ್ಟೂರು ಹೊಸ ತಾಲ್ಲೂಕಾದಾಗ ಉಜ್ಜಿನಿ ಕೂಡ್ಲಿಗಿಯಿಂದ ಅದರೊಳಗೆ ಬಂತು. ಈ ವಿನ್ಯಾಸದಲ್ಲಿ ಊರಿನ ಟೇಬಲ್ಲಿನ ಉಜ್ಜಿನಿಯ ಸಾಲೊಂದನ್ನು ತಿದ್ದಿದರೆ ಮುಗಿಯಿತು. ಉಜ್ಜಿನಿಯ ಹೊಲಗಳ ಒಂದು ಸಾಲನ್ನೂ ಮುಟ್ಟಬೇಕಾಗಿಲ್ಲ. ಹರಪನಹಳ್ಳಿ ವಿಜಯನಗರಕ್ಕೆ ಬಂದದ್ದಕ್ಕೂ ತಾಲ್ಲೂಕು ಟೇಬಲ್ಲಿನಲ್ಲಿ ಒಂದೇ ತಿದ್ದುಪಡಿ. ಅಂಕಿ ಎಷ್ಟು ಸಲ ಕಾಣುತ್ತದೆ ಎಂದು ಎಣಿಸಬೇಡಿ. ಬದಲಾಗಬಲ್ಲ ಸಂಗತಿ ಎಷ್ಟು ಕಡೆ ಬರೆದಿದೆ ಎಂದು ನೋಡಿ.

ನಿಮ್ಮ ಅಕ್ಕನ ಮಗಳ ಪಠ್ಯಪುಸ್ತಕದಲ್ಲಿ ನಾರ್ಮಲೈಸೇಷನ್ ಎಂಬ ಅಧ್ಯಾಯ ಇರುತ್ತದೆ. ಅದರಲ್ಲಿ ಹೇಳುವುದನ್ನು ನಾವು ಆಗಲೇ ಮಾಡಿಬಿಟ್ಟಿದ್ದೇವೆ, ಹೆಸರುಗಳನ್ನಷ್ಟೇ ಹೇಳುತ್ತೇನೆ. ಟೇಬಲ್ಲಿನ ಒಂದು ಸೆಲ್‌ನಲ್ಲಿ '45/2, 87/1, 112' ಎಂದು ಮೂರು ಸರ್ವೆ ನಂಬರ್ ತುರುಕಬಾರದು, ಬೆಳೆ1, ಬೆಳೆ2, ಬೆಳೆ3 ಎಂದು ಕಾಲಂ ಬೆಳೆಸುತ್ತ ಹೋಗಬಾರದು ಎಂಬುದು ಮೊದಲ ನಾರ್ಮಲ್ ಫಾರ್ಮ್. ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವವರ ಹೊಲಕ್ಕೆ ಎರಡು ಬೆಳೆ, ಇನ್ನೊಬ್ಬರಿಗೆ ನಾಲ್ಕು. ಇದಕ್ಕಾಗಿ ಜಮೀನು ಸಂಖ್ಯೆ, ವರ್ಷ, ಹಂಗಾಮು, ಬೆಳೆ, ವಿಸ್ತೀರ್ಣ ಎಂಬ ಕಾಲಂಗಳ ಬೆಳೆ ಟೇಬಲ್ ಒಂದನ್ನು ನಾನು ಆ ಐದಕ್ಕೆ ಸೇರಿಸುತ್ತೇನೆ. ಹಕ್ಕು ಟೇಬಲ್ಲಿನ ಕೀ ಸದಸ್ಯ ಮತ್ತು ಜಮೀನು ಸೇರಿ ಆದದ್ದು. ಅಲ್ಲಿ ಸದಸ್ಯನ ತಂದೆಯ ಹೆಸರು ಬರೆದರೆ ಅದು ಕೀಯ ಅರ್ಧಕ್ಕೆ ಮಾತ್ರ ಸೇರಿದ ಮಾತಾಗುತ್ತದೆ. ಹಾಗೆ ಬರೆಯಬಾರದು ಎಂಬುದು ಎರಡನೆಯದು. ಜಮೀನಿನಿಂದ ಊರು, ಊರಿನಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ ಎಂದು ಸರಪಳಿಯಾಗಿ ತಿಳಿಯುವುದನ್ನು ಜಮೀನಿನ ಸಾಲಿಗೇ ತಂದು ಹಾಕಬಾರದು ಎಂಬುದು ಮೂರನೆಯದು. ಇವಕ್ಕಿಂತ ಮೇಲಿನ ಮೆಟ್ಟಿಲುಗಳೂ ಇವೆ, ನಿಮ್ಮ ಕೆಲಸಕ್ಕೆ ಇಷ್ಟು ಸಾಕು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಒಟ್ಟಿಗೆ ನೋಡುವುದು. ಡೇಟಾಬೇಸಿಗೆ ಎಸ್‌ಕ್ಯೂಎಲ್ ಎಂಬ ಭಾಷೆಯಲ್ಲಿ ಹೀಗೆ ಕೇಳುತ್ತೀರಿ: ಹಕ್ಕು ಟೇಬಲ್ಲಿನ ಪ್ರತಿ ಸಾಲಿಗೂ, ಅದೇ ಸದಸ್ಯ ಸಂಖ್ಯೆಯ ಸದಸ್ಯನ ಹೆಸರು, ಅದೇ ಜಮೀನು ಸಂಖ್ಯೆಯ ಸರ್ವೆ ನಂಬರ್, ಆ ಜಮೀನಿನ ಊರು, ಊರಿನ ತಾಲ್ಲೂಕು, ತಾಲ್ಲೂಕಿನ ಜಿಲ್ಲೆ ಸೇರಿಸಿ ತೋರಿಸು. ಇದಕ್ಕೆ ಜಾಯಿನ್ ಎನ್ನುತ್ತಾರೆ. ನಿಮ್ಮ ಹಳೆಯ ಶೀಟು ಹೇಗಿತ್ತೋ ಹಾಗೆಯೇ ಪರದೆಯ ಮೇಲೆ ಬರುತ್ತದೆ. ಒಮ್ಮೆ ಬರೆದ ಈ ಪ್ರಶ್ನೆಗೆ ಹೆಸರು ಕೊಟ್ಟು ವ್ಯೂ ಎಂದು ಉಳಿಸಿಟ್ಟರೆ ಪ್ರತಿ ಸಲ ಬರೆಯಬೇಕಾಗಿಲ್ಲ, ಒಡೆದದ್ದು ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ. ಅದೂ ಅಲ್ಲದೆ ಹಳೆಯ ಶೀಟು ಕೊಡಲಾರದ ಉತ್ತರಗಳೂ ಸಿಗುತ್ತವೆ: ಎರಡು ಎಕರೆಗಿಂತ ಕಡಿಮೆ ಪಾಲಿರುವವರು ಯಾರು, ಹಿಂಗಾರಿನಲ್ಲಿ ಹಡಗಲಿ ತಾಲ್ಲೂಕಿನಲ್ಲಿ ನಮ್ಮವರ ಜೋಳ ಎಷ್ಟು ಎಕರೆ.

ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕು ಎಂಬುದನ್ನು ಕುರುಡಾಗಿ ಹಿಡಿದರೆ ಒಂದು ಕಡೆ ಎಡವುತ್ತೇವೆ, ಅದನ್ನು ಹೇಳದೆ ಮುಗಿಸಿದರೆ ತಪ್ಪಾದೀತು. ಸಂಘದ ಮೂಲಕ ಸದಸ್ಯರು ಈರುಳ್ಳಿ ಮಾರುತ್ತಾರೆ ಎನ್ನಿ. ಬೆಳೆಗೊಂದು ದರದ ಟೇಬಲ್ ಇದೆ, ಮಾರಾಟದ ಸಾಲಿನಲ್ಲಿ ಚೀಲದ ಲೆಕ್ಕ ಮಾತ್ರ ಇದೆ, ದರವನ್ನು ಆ ಟೇಬಲ್ಲಿನಿಂದ ತಂದು ಗುಣಿಸುತ್ತೀರಿ. ಮುಂದಿನ ವಾರ ದರ ಬದಲಾದಾಗ ದರದ ಟೇಬಲ್ ತಿದ್ದಿದಿರಿ. ಹೋದ ವಾರ ಮಾರಿದವರ ಲೆಕ್ಕವೂ ಹೊಸ ದರಕ್ಕೆ ತಿರುಗಿಬಿಡುತ್ತದೆ! ಇಂದಿನ ದರ ಎಂಬುದು ಬೆಳೆಯ ಬಗ್ಗೆ ಹೇಳುವ ಮಾತು. ಆ ದಿನ ಆ ರೈತನಿಗೆ ಕೊಟ್ಟ ದರ ಎಂಬುದು ಆ ಮಾರಾಟದ ಬಗ್ಗೆ ಹೇಳುವ ಮಾತು. ಎರಡೂ ಒಂದೇ ಅಂಕಿಯಾಗಿ ಕಂಡರೂ ಎರಡು ಬೇರೆ ಸಂಗತಿಗಳು, ಎರಡನ್ನೂ ಬರೆದಿಡಬೇಕು. ಯಾವ ವರ್ಷ ಹರಪನಹಳ್ಳಿ ಯಾವ ಜಿಲ್ಲೆಯಲ್ಲಿತ್ತು ಎಂದು ಹಳೆಯ ವರದಿಗಳಿಗಾಗಿ ಬೇಕಿದ್ದರೆ, ತಾಲ್ಲೂಕು, ಜಿಲ್ಲೆ, ಯಾವಾಗಿನಿಂದ, ಯಾವಾಗಿನವರೆಗೆ ಎಂಬ ಕಾಲಂಗಳ ಇನ್ನೊಂದು ಟೇಬಲ್ ಇಡಬಹುದು.

ಹಾಗೆಂದು ಕಂಡದ್ದನ್ನೆಲ್ಲ ಒಡೆಯುತ್ತ ಹೋಗುವುದೂ ಬೇಡ. ತಂದೆಯ ಹೆಸರಿಗೊಂದು ಟೇಬಲ್, ಮನೆಯ ವಿಳಾಸಕ್ಕೊಂದು ಟೇಬಲ್ ನಿಮಗೆ ಬೇಕಿಲ್ಲ. ನಿಮ್ಮದು ನಲವತ್ತು ಸದಸ್ಯರ, ಒಂದೇ ಊರಿನ ಸಂಘವಾಗಿದ್ದರೆ ಎಕ್ಸೆಲ್ ಶೀಟೇ ಸಾಕು ಎನ್ನುತ್ತಿದ್ದೆ. ಐದು ತಾಲ್ಲೂಕು, ಜಂಟಿ ಖಾತೆ, ಹಂಗಾಮಿಗೊಂದು ಬೆಳೆ ಇರುವಲ್ಲಿ ನಿಮ್ಮ ಅಕ್ಕನ ಮಗಳು ಹೇಳಿದ್ದೇ ಸರಿ.

ಶುರುಮಾಡುವಾಗ ಹಳೆಯ ಶೀಟಿನ ಒಂದು ಪ್ರತಿಯನ್ನು ಹಾಗೆಯೇ ಎತ್ತಿಡಿ. ಮೊದಲು ತಾಲ್ಲೂಕು ಮತ್ತು ಊರಿನ ಟೇಬಲ್ ಮಾಡಿ. ಅವು ಚಿಕ್ಕವು, ಕಾಗುಣಿತದ ಗೊಂದಲಗಳೆಲ್ಲ ಅಲ್ಲೇ ಕಾಣಸಿಗುತ್ತವೆ. ಆಮೇಲೆ ಸದಸ್ಯರು, ಜಮೀನು, ಕೊನೆಗೆ ಹಕ್ಕು ಮತ್ತು ಬೆಳೆ. ಹಕ್ಕಿನ ಟೇಬಲ್ ತುಂಬುವಾಗ ಪ್ರತಿ ಜಮೀನಿಗೂ ಪಾಲುಗಳ ಮೊತ್ತ ಪಹಣಿಯ ವಿಸ್ತೀರ್ಣಕ್ಕಿಂತ ಹೆಚ್ಚಾಗದಂತೆ ತಾಳೆ ನೋಡಿ, 40 ಗುಂಟೆಗೆ ಒಂದು ಎಕರೆ ಎಂಬುದನ್ನು ಮರೆಯದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ, ಕನ್ನಡ ಅಕ್ಷರಗಳನ್ನೂ ಇಟ್ಟುಕೊಳ್ಳುತ್ತವೆ. ನಡುವೆ ಎಲ್ಲಿಯಾದರೂ ತೊಡಕಾದರೆ ಟೇಬಲ್‌ಗಳ ಹೆಸರು, ಕಾಲಂಗಳ ಹೆಸರು ಬರೆದು ಕಳಿಸಿ. ಸದಸ್ಯರ ವಿವರ ಕಳಿಸಬೇಡಿ, ಕಾಲಂಗಳ ಪಟ್ಟಿಯೇ ಸಾಕು. ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿ ತಿಳಿಸುತ್ತೇನೆ.